ಎಂಟು ಕಪ್ಪೆಚಿಪ್ಪುಗಳ ಸಾಕ್ಷ್ಯ

ಬೆಳಿಗ್ಗೆ ಏಳೂವರೆಗೆ ಠಾಣೆಗೆ ದೂರು ಬಂತು. ನೀರು ಸರಬರಾಜು ಘಟಕದ ಪಂಪು ತಾನಾಗಿ ನಿಂತುಹೋಗಿದೆ, ಯಾರೋ ಕೈಯಾಡಿಸಿರುವ ಗುಮಾನಿ. ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಹೊರಟರು. ಜೊತೆಗೆ, ಠಾಣೆಯವರೆಲ್ಲ ‘ಮೂಗು’ ಎಂದೇ ಕರೆಯುವ ಪೇದೆ. ಪಕ್ಕದ ಬೀದಿಯಲ್ಲಿ ಹಾಲು ಉಕ್ಕಿದರೂ ಅವನಿಗೆ ತಿಳಿಯುತ್ತಿತ್ತು.

ಪಂಪ್‌ಮನೆಯ ಹಿಂದಿನ ಕೋಣೆಯಲ್ಲಿ ಗಾಜಿನ ತೊಟ್ಟಿ. ತಳದಲ್ಲಿ ಎಂಟು ಜೀವಂತ ಕಪ್ಪೆಚಿಪ್ಪುಗಳು, ಒಂದೊಂದರ ಬೆನ್ನಿಗೂ ಅಂಟಿಸಿದ ಕೂದಲೆಳೆಯಂಥ ತಂತಿ.

“ಹೊಳೆ ನೀರು ಮೊದಲು ಇವುಗಳ ಮೇಲೆ ಹರಿಯುತ್ತೆ,” ಎಂದರು ದೂರು ಕೊಟ್ಟಿದ್ದ ಇಂಜಿನಿಯರಮ್ಮ. “ಚೆನ್ನಾಗಿದ್ರೆ ಬಾಯಿ ತೆರೆದಿರ್ತವೆ. ಎಂಟೂ ಒಟ್ಟಿಗೆ ಮುಚ್ಚಿದ್ರೆ ಕಂಪ್ಯೂಟರ್ ಪಂಪ್ ನಿಲ್ಲಿಸುತ್ತೆ.”

“ಊರೆಲ್ಲ ನೀರು ಕುಡಿಯೋದು ಇವರ ಅಪ್ಪಣೆ ಮೇಲಾ?” ಮೂಗು ಬಗ್ಗಿ ನೋಡಿದ.

“ಹೂಂ. ಆದ್ರೆ ಇವತ್ತು ಹೊಳೆ ನೀರು ಪರೀಕ್ಷೆ ಮಾಡಿದ್ರೆ ಶುದ್ಧ. ಯಾರೋ ತೊಟ್ಟಿ ತಟ್ಟಿ ಹೆದರಿಸಿರಬೇಕು. ಆಸ್ಪತ್ರೆ ಟ್ಯಾಂಕ್ ತಳ ಕಾಣ್ತಿದೆ. ಇನ್ನರ್ಧ ಗಂಟೆ ನೋಡಿ ಪಂಪ್ ಬಿಡ್ತೀನಿ.”

ಇನ್‌ಸ್ಪೆಕ್ಟರ್ ಮುಚ್ಚಿಕೊಂಡ ಎಂಟು ಚಿಪ್ಪುಗಳನ್ನೇ ನೋಡಿದರು. ಠಾಣೆಯಲ್ಲಿ ಬಾಯಿಬಿಡದವರನ್ನು ಅವರು ಬಹಳ ಕಂಡಿದ್ದರು. ಏನೂ ಗೊತ್ತಿಲ್ಲದವರು ಅಷ್ಟು ಬಿಗಿಯಾಗಿರುವುದಿಲ್ಲ.

“ಸಾರ್,” ಎಂದ ಮೂಗು, “ಇದು ಹೊಳೆ ವಾಸನೆ ಅಲ್ಲ. ನಮ್ಮನೆ ನಲ್ಲಿ ವಾಸನೆ.”

ತೊಟ್ಟಿಗೆ ಬರುವ ಕೊಳವೆಯ ಜಾಡು ಹಿಡಿದು ಗೋಡೆಗುಂಟ ಹೋದರು. ಹೊಳೆಯ ಪೈಪು ಕಳಚಿತ್ತು. ಅದರ ಜಾಗಕ್ಕೆ ಕೈತೊಳೆಯುವ ನಲ್ಲಿಯಿಂದ ರಬ್ಬರ್ ಪೈಪು ಜೋಡಿಸಿತ್ತು. ಇಂಜಿನಿಯರಮ್ಮನ ಮುಖ ಬಿಳಿಚಿತು.

“ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ. ನಮಗೆ ಶುದ್ಧ, ಇವಕ್ಕೆ ವಿಷ.”

“ಹಾಕಿದವನಿಗೆ ಅದು ಗೊತ್ತಿರಲಿಲ್ಲ,” ಎಂದರು ಇನ್‌ಸ್ಪೆಕ್ಟರ್. “ಒಳ್ಳೇ ನೀರೇ ಕೊಟ್ಟೆ ಅಂದ್ಕೊಂಡಿದ್ದಾನೆ. ಯಾಕೆ, ಮೇಡಂ?”

ಆಕೆ ಕಳಚಿದ ಪೈಪನ್ನು ಕೈಗೆತ್ತಿಕೊಂಡರು. “ಹೊಳೆ ನೀರು ಇವಕ್ಕೆ ತಾಗಬಾರದು ಅಂತ.”

“ಅಂದ್ರೆ ಬರಬೇಕಾದ್ದು ಇನ್ನೂ ಬಂದಿಲ್ಲ. ಪಂಪ್ ಮುಟ್ಟಬೇಡಿ. ಕೀಲಿ ಯಾರ ಹತ್ರ?”

“ನನ್ನ ಹತ್ರ. ಆಪರೇಟರ್ ಹತ್ರ.”

ಆಸ್ಪತ್ರೆಗೆ ಬಾವಿ ನೀರಿನ ಟ್ಯಾಂಕರ್ ಹೊರಟಿತು. ಪಂಚನಾಮೆ ಮುಗಿಸಿ, ಹೊಳೆಯ ಪೈಪನ್ನು ಮತ್ತೆ ಜೋಡಿಸಿದರು. ಆಪರೇಟರನನ್ನು ಕರೆಸಿ ಬಾಗಿಲ ಬಳಿ ಕೂರಿಸಿದರು. ಮಿತಭಾಷಿ, ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡಿದ್ದ.

ಮುಕ್ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ಒಂದು ಚಿಪ್ಪು ಉಗುರಿನಷ್ಟು ಬಿರಿಯಿತು. ಮತ್ತೊಂದು. ಒಳಗಿನ ತೆಳು ಅಂಚು ನೀರನ್ನು ಮೆಲ್ಲಗೆ ರುಚಿ ನೋಡಿತು. ಒಂದೊಂದಾಗಿ ಎಂಟೂ ತೆರೆದುಕೊಂಡವು. ಕಂಪ್ಯೂಟರ್ ಪರದೆಯ ಮೇಲೆ ಎಂಟು ಗೆರೆಗಳು ಮಲಗಿದ ಮಕ್ಕಳ ಎದೆಯಂತೆ ಏರಿ ಇಳಿದವು. ಇನ್‌ಸ್ಪೆಕ್ಟರ್ ಟೋಪಿ ತೆಗೆದದ್ದು ಅವರಿಗೇ ಗೊತ್ತಾಗಲಿಲ್ಲ. ಕಣ್ಣಿಲ್ಲ, ಕಿವಿಯಿಲ್ಲ, ಆದರೂ ಇಡೀ ಹೊಳೆಯನ್ನು ಬಲ್ಲ ಜೀವಗಳು.

ಹತ್ತೂಕಾಲಿಗೆ ಎಂಟು ಗೆರೆಗಳೂ ಒಟ್ಟಿಗೆ ಕುಸಿದವು.

“ಬಂತಾ?” ಎಂದ ಆಪರೇಟರ್. ಯಾರೂ ಅವನನ್ನು ಏನೂ ಕೇಳಿರಲಿಲ್ಲ.

“ಏನು ಬಂತು?” ಇನ್‌ಸ್ಪೆಕ್ಟರ್ ತಿರುಗಿದರು.

“ಲೋಹಕ್ಕೆ ಮೆರುಗು ಹಾಕೋ ಬಾವನ ಕಾರ್ಖಾನೇಲಿ ಕೊಳಕು ನೀರಿನ ಗುಂಡಿ ತುಂಬಿತ್ತು. ಇವತ್ತು ಹೊಳೆಗೆ ಬಿಡ್ತೀವಿ, ಪಂಪ್ ನಿಲ್ಲದ ಹಾಗೆ ನೋಡ್ಕೋ ಅಂದ್ಲು ಅಕ್ಕ.”

“ಊರೇ ಕುಡಿಯುತ್ತಲ್ಲಯ್ಯ.”

“ಹೊಳೆ ದೊಡ್ಡದು, ಕರಗಿಹೋಗುತ್ತೆ ಅಂದ್ಲು.”

“ನೀನು ನಂಬಿದೆಯಾ?”

ಅವನು ಕೀಲಿ ತೆಗೆದು ಇಂಜಿನಿಯರಮ್ಮನತ್ತ ಚಾಚಿದ. ಹನ್ನೊಂದಕ್ಕೆ ಅವನನ್ನು ಬಂಧಿಸಲಾಯಿತು. ಮಧ್ಯಾಹ್ನ ಬಾವನನ್ನೂ ಅಕ್ಕನನ್ನೂ.

“ಸಾರ್, ಮುಖ್ಯ ಸಾಕ್ಷಿಗಳ ಹೇಳಿಕೆ?” ಮೂಗು ತೊಟ್ಟಿಯತ್ತ ಕಣ್ಣು ಹೊರಳಿಸಿದ.

“ಎರಡು ಸಲ ಬಾಯಿ ಮುಚ್ಚಿದ್ರು ಅಂತ ಬರಿ. ಎರಡು ಸಲವೂ ನಿಜ ಹೇಳಿದ್ರು.”

ಆಪರೇಟರನ ತಾಯಿ ಅವನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದಳು. ಅಕ್ಕ ಶಾಲೆ ಬಿಟ್ಟು ಅವನನ್ನು ಸಾಕಿದ್ದಳು. ಅವಳ ಮಾತಿಗೆ ಅವನು ಹುಟ್ಟಿದಾಗಿನಿಂದ ಒಂದು ಸಲವೂ ‘ಆಗುವುದಿಲ್ಲ’ ಅಂದವನಲ್ಲ. ಅವನ ಮಗಳ ಶಾಲೆಗೂ ನೀರು ಹೋಗುತ್ತಿದ್ದುದು ಇದೇ ಪಂಪಿನಿಂದ.