ಮಡ್ಡಿ ಕಾಲುವಿ ಯಾಕ ಬಂದ್ ಇತ್ತು

2014, ನವೆಂಬರ್ 11. ಬೆಳಿಗ್ಗಿ ಹತ್ತೂವರಿಗೆ ಕಕ್ಕೇರಾ ಕಡಿಯ ಸಂಗಣ್ಣ ಠಾಣೆಗಿ ಬಂದ. ಮಡ್ಡಿ ಕಾಲುವಿ ರೈತರ ಸಂಘಕ್ಕ ಅವನೇ ಅಧ್ಯಕ್ಷ.

"ನಮ್ ನೀರು ಕಳುವಾಗ್ಯಾವರಿ ಸಾಹೇಬ್ರ."

ಇನ್‌ಸ್ಪೆಕ್ಟರ್ ಸೂಗಪ್ಪ ಪೆನ್ನಿನ ಟೊಪಗಿ ತೆಗದ್ರು. "ಎಷ್ಟ್ ಕೊಡ?"

"ಚಾಷ್ಟಿ ಬ್ಯಾಡ್ರಿ. ಎರಡು ಪಾಳಿ ಹೋದ್ವು, ಒಂದ್ ಹನಿ ಬಂದಿಲ್ಲ. ಮಗ್ಗಲ ಕಾಲುವ್ಯಾಗ ಹರಿಯಾಕತ್ತದ, ನಮ್ದು ಒಣಾ ಒಣಾ. ಮೆಣಸಿನ ಗಿಡ ತಲಿ ಕೆಳಗ್ ಹಾಕ್ಯಾವ."

ಈ ಕಾಲುವಿಗಳಿಗಿ ಪಾಳಿ ಅದ. ಕೆಲವು ದಿನ ಚಾಲು, ಕೆಲವು ದಿನ ಬಂದ್. ಚಾಲು ಇದ್ದಾಗ ಹೊಲ ಕುಡೀತದ. ಬಂದ್ ಇದ್ದಾಗ ಹೆಂಗಸರು ಕಾಲುವಿಗಿ ಇಳಿದು, ಗುಂಡ್ಯಾಗ ನಿಂತ ನೀರಾಗ ಕೌದಿ ತೊಳೀತಾರ.

ದೂರು ಬರಕೊಂಡಾಕಿ ಪೇದೆ ದೇವಕ್ಕ. ಆಕಿ ಅಪ್ಪನ ಹೊಲಾನೂ ಅದೇ ಕಾಲುವಿ ತುದಿಗಿ ಅದ. ಅದನ್ನ ಆಕಿ ಬರೀಲಿಲ್ಲ. ಎಫ್‌ಐಆರ್ ಆತು, ಆರೋಪಿ ಜಾಗದಾಗ "ಅಪರಿಚಿತ" ಅಂತ ಬಿತ್ತು.

ಮಧ್ಯಾಹ್ನ ಸೂಗಪ್ಪ, ದೇವಕ್ಕ ಇಬ್ಬರೂ ಕಾಲುವಿ ಗೇಟಿಗಿ ಹೋದ್ರು. ಗೇಟ್ ಕಾಯೋ ಖಾಜಾಹುಸೇನ ಬೇವಿನ ಗಿಡದ ಕೆಳಗ ಬೀಡಿ ಹಚ್ಚಿದ್ದ.

"ಯಾಕೋ ಸಾಬ್, ಯಾರು ಹೇಳ್ಯಾರ ಬಂದ್ ಇಡಂತ?"

"ಹಾಳಿ ಹೇಳ್ಯದ್ರಿ. ದಿನಾ ಸಂಜಿ ಕಚೇರಿಂದ ತರ್ತೀನಿ. ಬಂದ್ ಅಂದ್ರ ಬಂದ್, ಚಾಲು ಅಂದ್ರ ಚಾಲು. ನಾ ಕೇಳೂದಿಲ್ರಿ. ಕೇಳ್ದಂವ ಪರ್ಮನೆಂಟ್ ಆಗೂದಿಲ್ಲ."

ಎಲ್ಲಾ ಹಾಳ್ಯಾಗೂ ಮಡ್ಡಿ ಕಾಲುವಿ ಮುಂದ "ಬಂದ್". ಕೆಳಗ ಇಂಜಿನಿಯರ್ ಸಹಿ.

ಕಾಲುವಿ ಕಚೇರ್ಯಾಗ ಇಂಜಿನಿಯರ್ ಕಂಪ್ಯೂಟರ್ ತಿರುಗಿಸಿ ತೋರಿಸಿದ್ರು. ಪರದಿ ಮ್ಯಾಲ ಅದೇ ದಿನಗಳಿಗಿ "ಚಾಲು".

"ನಾನss ತುಂಬೀನ್ರಿ. ಪ್ರಿಂಟ್ ಗುಂಡೀನೂ ನಾನss ಒತ್ತೀನಿ."

"ಹಾಳಿ ಮ್ಯಾಲ ಸಹಿ ಯಾರ್ದು?"

"ಸಹಿ ನಂದss."

"ಓದೂದು?"

ಇಂಜಿನಿಯರ್ ಫ್ಯಾನ್ ನೋಡಿದ್ರು. ಮಾಡಿದ ಸಹಿ ಓದೂದು ಆ ಹುದ್ದಿಗಿ ಹೊಂದೂದಿಲ್ಲ.

ಮರುದಿನ ಯಾದಗಿರಿಯಿಂದ ಕಂಪ್ಯೂಟರ್ ಬಲ್ಲ ಎಎಸ್‌ಐ ಅಂಬ್ರಪ್ಪ ಬಂದು, ಊಟದ ಹೊತ್ತಿಗಿ ನಕ್ಕೊಂತ ಎದ್ದ.

"ಇದು ವರ್ಗಾವಣಿ ದಂಧಾ ಸರ್. ಮ್ಯಾಕ್ರೊ ಅಂತಾರ, ಒಂದ್ಸಲ ಬರದಿಟ್ರ ತಾನss ದುಡೀತದ. ಸಾಹೇಬ್ರು ಗುಂಡಿ ಒತ್ತಿದ ಕೂಡ್ಲೇ ಖರೇ ಫೈಲಿನ ಹೆಸರು ಬದಲಾಗ್ತದ, ಅದನ್ನ ಎತ್ತಿ ಬ್ಯಾರೆ ಫೋಲ್ಡರಿಗಿ ಒಗೀತದ, ಅದರ ಕುರ್ಚ್ಯಾಗ ಅದೇ ಹೆಸರಿನ ಇನ್ನೊಂದು ಫೈಲು ಬಂದು ಕೂಡ್ತದ. ಪ್ರಿಂಟ್ ಆಗೂದು ಅದು. ಮುಗಿದ್ ಮ್ಯಾಲ ಖರೇ ಫೈಲು ತನ್ನ ಜಾಗಕ್ಕ ವಾಪಸ್."

"ವಾಪಸ್ ಬರೂದೊಂದು ಬಿಟ್ರ ನಮ್ಮ ಇಲಾಖೀನೂ ಹಿಂಗss," ಅಂದ್ರು ಸೂಗಪ್ಪ. "ಬರದಾಂವ ಯಾರು?"

ಈ ಕಚೇರ್ಯಾಗ ಅದನ್ನ ಬಲ್ಲಾಂವ ಒಬ್ಬನೇ: ಆಪರೇಟರ್ ಮೌನಪ್ಪ. ಹಳೇ ಫೈಲು ಒಂದು ಕಡಿ ಕಟ್ಟಿಡಾಕ ಅಂತ ಅವನೇ ಆ ಮ್ಯಾಕ್ರೊ ಮಾಡಿಕೊಟ್ಟಿದ್ದ. ಹೆಸರಿಗಿ ತಕ್ಕಂಗ ಮಾತಿಲ್ಲ, ಕತಿಯಿಲ್ಲ. ಆ ದಿನ ಅರ್ಧ ದಿನದ ರಜಾ ಹಾಕಿದ್ದ.

ನಾಕು ಗಂಟಿಗಿ ಸಿಕ್ಕ. ಒಣಗಿದ ಮಡ್ಡಿ ಕಾಲುವ್ಯಾಗ ಮೊಣಕಾಲುದ್ದ ಹೂಳಿನಾಗ ನಿಂತು, ಕಬ್ಬಿಣದ ಸಳಿ ಚುಚ್ಚಿ ಚುಚ್ಚಿ ನೋಡಾಕತ್ತಿದ್ದ. ಚುಚ್ಚಿದ ಕಡಿಯೆಲ್ಲಾ ಒಂದೊಂದು ಜಾಲಿ ಕಡ್ಡಿ ನೆಟ್ಟಿದ್ದ. ಕಡ್ಡಿ ಸಾಲು ಕಣ್ಣು ಮುಟ್ಟೂ ತನಕ ಇತ್ತು.

"ಏನ್ ಹೂತಿಟ್ಟೀಯೋ?" ದಂಡಿ ಮ್ಯಾಲಿಂದ ಸೂಗಪ್ಪ ಕೇಳಿದ್ರು.

"ನಾ ಹೂತಿಟ್ಟಿಲ್ರಿ."

"ಮತ್ತ ಏನ್ ಹುಡುಕಾಕತ್ತೀ?"

"ಸುಂದ್ರಮ್ಮನ್ನ."

ದೇವಕ್ಕಗ ನೆನಪಾತು. ಸೆಪ್ಟೆಂಬರಿನಾಗ ಇವನೇ ಠಾಣೆಗಿ ಬಂದಿದ್ದ. ಹೆಂಡ್ತಿ ಕೌದಿ ತೊಳಿಯಾಕ ಹೋದಾಕಿ ಬಂದಿಲ್ಲ ಅಂದಿದ್ದ. ಕಾಲುವಿ ಕಚೇರಿ ಹಾಳಿ ತರಿಸಿ ನೋಡಿದ್ರ ಆ ದಿನ "ಚಾಲು" ಇತ್ತು. ಚಾಲು ಕಾಲುವಿಗಿ ಇಳಿದದ್ದು ಆಕೀದೇ ತಪ್ಪು ಅಂತ ಬರದು ಫೈಲ್ ಮುಚ್ಚಿದ್ರು. ಮುಚ್ಚಿದ ಸಹಿ ಸೂಗಪ್ಪನವರ್ದು.

"ಆ ದಿನ ಕಾಲುವಿ ಚಾಲು ಇತ್ತಲ್ಲೋ?"

"ಬಂದ್ ಇತ್ರಿ. ಮುಂಜಾನಿ ನಾನss ಹೇಳಿದ್ದೆ ಆಕಿಗಿ, ಇವತ್ತು ಬಂದ್ ಅದ, ಕೌದಿ ಒಯ್ಯಿ ಅಂತ. ಮಧ್ಯಾಹ್ನ ಯಾರೋ ದೊಡ್ಡವ್ರು ಬಾಗಿನ ಬಿಡಾಕ ಬಂದ್ರು. ಫೋಟೊದಾಗ ನೀರು ಕಾಣ್ಬೇಕಲ್ರಿ. ನಮ್ಮ ಇಂಜಿನಿಯರ್ ಸಾಹೇಬ್ರು ಫೋನ್ ಮಾಡಿ ಗೇಟ್ ಎತ್ತಿಸಿದ್ರು."

"ಹಾಳ್ಯಾಗ ಚಾಲು ಅಂತ ಯಾರು ಮಾಡಿದ್ದು?"

ಮೌನಪ್ಪ ಸಳಿ ಕೆಳಗಿಟ್ಟ. "ನಾನss ರೀ. ಸಂಜಿಗಿ ಸಾಹೇಬ್ರು ಅಂದ್ರು, ಯಾರೋ ಹೆಣ್ಮಗಳು ಕೊಚ್ಚಿ ಹೋಗ್ಯಾಳಂತ, ಲಗೂ ಬಂದ್ ತೆಗದು ಚಾಲು ಮಾಡು. ಯಾರಂತ ನಂಗೇನ್ ಗೊತ್ತು? ಮಾಡ್ದೆ. ಮನಿಗಿ ಹೋದೆ. ಬಾಗಿಲಿಗಿ ಕೀಲಿ ಇತ್ತು."

ಸೂಗಪ್ಪ ಕೇಳಿದ್ರು: "ಅವತ್ತ್ ಯಾಕ ಹೇಳಲಿಲ್ಲ?"

"ಹೇಳಿದ್ನಲ್ರಿ. ನೀವು ನನ್ ಮಾರಿ ನೋಡ್ಲಿಲ್ಲ, ಹಾಳಿ ನೋಡಿದ್ರಿ. ನೀರಿದ್ರ ಹುಡುಕಾಕ ಬರೂದಿಲ್ಲ. ಅದ್ಕss ಬಂದ್ ಮಾಡ್ದೆ. ಆಕಿ ಸಿಕ್ಕ ದಿನ ನಾನss ಬಿಡ್ತಿದ್ದೆ."

ಅಷ್ಟರಾಗ ದಂಡಿ ಮ್ಯಾಲ ಜನ ಕೂಡಿತು. ಪಂಚನಾಮೆ ನಡೀತು: ಸಳಿ ಒಂದು, ಸಲಿಕಿ ಒಂದು. ಜಾಲಿ ಕಡ್ಡಿ ಎಣಿಸಾಕ ಪಂಚರು ಒಪ್ಪಲಿಲ್ಲ.

ಸೂಗಪ್ಪ ಸಂಗಣ್ಣನ್ನ ಮಗ್ಗಲಿಗಿ ಕರದ್ರು. "ಹುಡುಕೂದು ಇನ್ನ ಸ್ವಲ್ಪss ಉಳದದ. ಎರಡು ದಿನ ತಡದ್ರ ನಮ್ಮವ್ರನ್ನೂ ಇಳಸ್ತೀನಿ."

ಸಂಗಣ್ಣ ಕೆಟ್ಟವನಲ್ಲ. ಟವೆಲ್ಲಿಂದ ಕಣ್ಣೊರಸಿಕೊಂಡss ಹೇಳಿದ: "ಸಾಹೇಬ್ರ, ಆಕಿ ಜೀವ ಹೋಗ್ಯದ. ಗಿಡದ್ದು ಇನ್ನೂ ಹೋಗಿಲ್ಲ. ಎರಡು ದಿನ ಅಂದ್ರ ಅದೂ ಹೋಗ್ತದ. ನೀವss ಹೇಳ್ರಿ."

ಸೂಗಪ್ಪ ಫೋನ್ ತೆಗದು, ಗೇಟ್ ಎತ್ತಿಸ್ರಿ ಅಂತ ಇಂಜಿನಿಯರಿಗಿ ಹೇಳಿದ್ರು.

ಸಂಜಿ ಆರಕ್ಕ ಮೌನಪ್ಪನ ಬಂಧನ ತೋರಿಸಿದ್ರು. ಐಟಿ ಕಾಯ್ದೆ, ಸರಕಾರಿ ದಾಖಲಿ ತಿದ್ದಿದ್ದು. ಇಂಜಿನಿಯರ್ ಸಾಕ್ಷಿ ಅಂತ ಸಹಿ ಹಾಕಿದ್ರು, ಈ ಸಲಾನೂ ಓದ್ಲಿಲ್ಲ. ಗೇಟ್ ಎತ್ತಿಸಿದ ಫೋನಿನ ಬಗ್ಗಿ ಖಾಜಾಹುಸೇನನ್ನ ಕೇಳಿದ್ರ, "ಯಾವ ಫೋನ್ರಿ? ಹಾಳ್ಯಾಗ ಚಾಲು ಇತ್ತಲ್ರಿ," ಅಂದ. ಇನ್ನೂ ಪರ್ಮನೆಂಟ್ ಆಗಿರಲಿಲ್ಲ ಅವನು.

ಕೇಸ್ ಡೈರಿಯೊಳಗ ಉದ್ದೇಶ ಅನ್ನೋ ಕಡಿ ಸೂಗಪ್ಪ "ರೈತರಿಗಿ ನಷ್ಟ ಮಾಡೂದು" ಅಂತ ಬರದು, ಅದನ್ನ ಹೊಡದು ಹಾಕಿ, "ಹೆಂಡ್ತಿನ್ನ ಹುಡುಕೂದು" ಅಂತ ಬರದ್ರು. ಅಂಥಾದ್ದಕ್ಕ ಕಲಂ ಇಲ್ಲ.

ದೇವಕ್ಕನ ಫೋನ್ ಹೊಡಕೊಂತು. ಆಕಿ ಅಪ್ಪ, ಖುಷಿಗಿ ಒದರಾಕತ್ತಿದ್ದ: "ನೀರು ಬಂತವ್ವಾ! ನಮ್ ಹೊಲದ ಬದುವಿಗಿ ಬಂತು!"

ಆಕಿ ಫೋನ್ ಕಿವಿಗಿ ಒತ್ತಿ ಹಿಡದು ಸಣ್ಣಗ "ಹೂಂ" ಅಂದು ಇಟ್ಲು.

ಲಾಕಪ್ಪಿನ ಸಳಿ ಹಿಂದಿಂದ ಮೌನಪ್ಪ ಕೇಳಿದ. "ತಂಗೀ, ಕಾಲುವಿ ಚಾಲೂನೋ, ಬಂದೋ?"

"ಬಂದ್ ಅದ ಅಣ್ಣಾ."

"ಹಂಗಾದ್ರ ಲಗೂ ಬಿಡಾಕ ಹೇಳವ್ವ ಸಾಹೇಬ್ರಿಗಿ," ಅಂದ ಅವನು. "ಕೊನೀ ತೂಬಿನ ಕೆಳಗಿನ ಹೂಳು ಒಂದss ಹುಡುಕೂದು ಉಳದದ."