ಲೀಡರ್ ಮಹೀನಳ ಗಂಟಲು

“ಸೈಲೆನ್ಸ್!” ಎಂದು ಮಹೀನ್ ಕೂಗಿದಳು. ಬಂದದ್ದು ತೂತು ಬಿದ್ದ ಬಲೂನಿನಂತೆ ಬರೀ ಗಾಳಿ. ಐದನೇ ಕ್ಲಾಸಿನ ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಶೋಭಾರಾಣಿ ಮಿಸ್ ಮೊಬೈಲಿನಿಂದ ತಲೆ ಎತ್ತಿದರು. ಅವರು ತಲೆ ಎತ್ತುವುದೇ ಅಪರೂಪ.

“ಏನಮ್ಮ ಮಹೀನ್, ಲೀಡರ್ರೇ ಹಿಂಗಾದ್ರೆ ಕ್ಲಾಸ್ ಯಾರು ನೋಡ್ಕೋತಾರೆ?”

ಅದನ್ನು ನೋಡಿಕೊಳ್ಳಬೇಕಾದವರು ಮತ್ತೆ ಮೊಬೈಲಿಗೆ ಹೋದರು.

ಲೀಡರ್ ಬ್ಯಾಡ್ಜ್ ಎಂದರೆ ಮಹೀನಳಿಗೆ ಪ್ರಾಣ. ಶಿಡ್ಲಘಟ್ಟದ ಅವಳ ಮನೆಯಲ್ಲೇ ರೇಷ್ಮೆ ನೂಲು ತೆಗೆಯುವ ಮೆಷಿನ್ನುಗಳಿದ್ದವು. ಆ ಗದ್ದಲದಲ್ಲಿ ಕಿರುಚಿದರೆ ಮಾತ್ರ ಮಾತು. ಅವಳ ಗಂಟಲು ಕೇಳಿಯೇ ಮಿಸ್ ಅವಳನ್ನು ಲೀಡರ್ ಮಾಡಿದ್ದರು.

ಅಜ್ಜಿ ನೂರುನ್ನೀಸಾ ಮೆಣಸಿನ ಕಷಾಯ ಕುಡಿಸಿದರು. ಪಕ್ಕದ ಮನೆಯ ಅಶ್ವತ್ಥಮ್ಮ ಹಸಿಶುಂಠಿ ಅಗಿಸಿದರು. ಬೀದಿಯಲ್ಲಿ ಎಲ್ಲರೂ ಡಾಕ್ಟರೇ, ಗಂಟಲು ಮಾತ್ರ ಇನ್ನಷ್ಟು ಕಟ್ಟಿತು.

ಕೊನೆಗೆ ಅಬ್ಬಾ ಖಲೀಮುಲ್ಲಾ ಅವಳನ್ನು ಚಿಕ್ಕಬಳ್ಳಾಪುರಕ್ಕೆ ಕರೆದೊಯ್ದರು. ಡಾಕ್ಟರ್ ಕವಿತ ಗಂಟಲೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ನೋಡಿದರು.

“ಕಿರುಚಿ ಕಿರುಚಿ ಧ್ವನಿ ಹೊರಡೋ ಜಾಗದಲ್ಲಿ ಚಿಕ್ಕ ಗಂಟುಗಳಾಗಿವೆ ಕಣಮ್ಮ. ಕಿರುಚಬಾರ್ದು. ಪಿಸುಗುಟ್ಟೋದೂ ಬೇಡ, ಅದೂ ಶ್ರಮಾನೇ. ನೀರು ಕುಡೀತಿರು. ಹತ್ರ ಹೋಗಿ ಮೆತ್ತಗೆ ಮಾತಾಡು. ವಾರವಾರ ಸ್ಪೀಚ್ ಥೆರಪಿಗೆ ಬಾ.”

“ಸರಿ ಮೇಡಂ, ಇನ್ಮೇಲೆ ನಮ್ಮನೇಲಿ ಯಾರೂ ಕಿರುಚಲ್ಲ” ಎಂದು ಅಬ್ಬಾ ಕಿರುಚಿದರು. ಹೊರಗೆ ಕೂತಿದ್ದ ರೋಗಿಗಳು ಗಾಬರಿಯಿಂದ ಒಳಗೆ ಇಣುಕಿದರು.

ಮಾರನೆಯ ದಿನವೇ ಬ್ಯಾಡ್ಜ್ ಅದೇ ಕ್ಲಾಸಿನ ಮೌನಿಕಾಳ ಪಾಲಾಯಿತು. ಗಂಟಲು ಹೇಗಿದೆ ಎಂದು ಕೇಳಲು ಮಿಸ್ಸಿಗೆ ಪುರುಸೊತ್ತಿರಲಿಲ್ಲ. ಮಹೀನ್ ಬಾತ್‌ರೂಮಿಗೆ ಹೋಗಿ ಅತ್ತಳು. ಬೇಗ ಗುಣವಾಗಿ ಬ್ಯಾಡ್ಜ್ ವಾಪಸ್ ಪಡೆಯಬೇಕು ಎಂದುಕೊಂಡೇ ಹೇಳಿದ್ದನ್ನೆಲ್ಲ ಮಾಡಿದಳು. ಅಬ್ಬಾನ ಹತ್ತಿರ ಏನಾದರೂ ಹೇಳಬೇಕಾದರೆ ಮೆಷಿನ್ ದಾಟಿ ಹೋಗಿ ಅವರ ತೋಳು ಮುಟ್ಟುತ್ತಿದ್ದಳು.

ಮೂರು ತಿಂಗಳಿಗೆ ಅವಳ ಧ್ವನಿ ತಿಳಿಯಾಯಿತು. ಅದೇ ವಾರ ಮೌನಿಕಾ ಕೂಗಿದಾಗ ಬರೀ ಗಾಳಿ ಬಂತು. ಮಕ್ಕಳು ನಕ್ಕರು.

“ಇವಳದೂ ಹೋಯ್ತಾ?” ಎಂದರು ಮಿಸ್. “ಮಹೀನ್, ನಿನ್ನ ಗಂಟ್ಲು ಸರಿಹೋಯ್ತಲ್ಲ. ಬಾಮ್ಮ, ಬ್ಯಾಡ್ಜ್ ಹಾಕ್ಕೊ.”

ಮಹೀನ್ ಓಡಿಯೇ ಹೋದಳು. ಬ್ಯಾಡ್ಜ್ ಕೈಗೆ ಬಂತು. ಅಷ್ಟರಲ್ಲಿ ಮಿಸ್ ಅವರ ಕಣ್ಣು ಮೊಬೈಲಿಗೆ ಇಳಿದಿತ್ತು. ಮೌನಿಕಾ ಗಂಟಲು ಹಿಡಿದುಕೊಂಡು, ಯಾರ ಕಣ್ಣಿಗೂ ಬೀಳದಂತೆ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮಹೀನ್ ಇಬ್ಬರನ್ನೂ ನೋಡಿದಳು. ಆಮೇಲೆ ಮಿಸ್ ಅವರ ಕುರ್ಚಿಯ ಪಕ್ಕಕ್ಕೇ ಹೋಗಿ ನಿಂತು, ಬ್ಯಾಡ್ಜನ್ನು ಮೊಬೈಲಿನ ಮೇಲೆ ಇಟ್ಟಳು.

“ಇದು ನಿಮ್ದು ಮಿಸ್” ಎಂದಳು, ಮೆತ್ತಗೆ.