ಚರ್ಚಿಗೆ ಹೋದ ಫ್ರಿಜ್

"ಜೋರಾಗಿ ತಳ್ಳ ಮಾಮಾ, ಯಾರಾದ್ರೂ ನೋಡ್ತಾರ."

"ತಳ್ಳಲಾಕತ್ತೀನಿ ಯವ್ವಾ… ಗಾಲಿ ಮೋರಿಯಾಗ ಕುಂತದ, ನಾ ಏನ ಮಾಡ್ಲಿ?"

ಎಕಂಬಾದ ಚರ್ಚು ಕಣ್ಣೆದುರಿಗೇ ಇತ್ತು. ಯೋಹಾನ ಮಾಮಾ ಎಷ್ಟು ತಳ್ಳಿದರೂ ಕೈಗಾಡಿ ಮಾತ್ರ ಅಲುಗಲೊಲ್ಲದು. ಗಾಡಿಯ ಮೇಲೆ ಎಲೀನಾಳ ಮನೆಯ ಫ್ರಿಜ್, ಜ್ವರ ಬಂದ ಮುದುಕಿಯ ಹಾಗೆ ಕೌದಿ ಹೊದ್ದು ಕೂತಿತ್ತು.

ಮರುದಿನ ಊರಿಗೆ ಸರ್ವೆಯವರು ಬರುತ್ತಾರೆಂದು ಸುದ್ದಿ. ಫ್ರಿಜ್, ಟೀವಿ ಇದ್ದವರ ಬಿಪಿಎಲ್ ಕಾರ್ಡು ಕಿತ್ತುಕೊಳ್ಳುತ್ತಾರಂತೆ. ಯಾರು ಹೇಳಿದರೋ, ಊರಿಗೆ ಊರೇ ನಂಬಿತ್ತು. ಎಲೀನಾಳ ತಾಯಿ ಎಸ್ತರಮ್ಮನಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯುತ್ತಿರಲಿಲ್ಲ. ಬರುವ ತಿಂಗಳು ಬೀದರಿನ ದವಾಖಾನೆಯಲ್ಲಿ ಆಪರೇಷನ್. ಕಾರ್ಡು ಇದ್ದರೆ ಪುಕ್ಕಟೆ. ಇಲ್ಲದಿದ್ದರೆ… ಅದನ್ನು ಯೋಚಿಸುವ ಧೈರ್ಯ ಎಲೀನಾಳಿಗೆ ಇರಲಿಲ್ಲ.

"ಸರೀರಿ ಮಾಮಾ, ನಾ ಹಿಡೀತೇನಿ."

ಆಗಷ್ಟೇ ಔರಾದಿನ ಬಸ್ಸು ಇಳಿದ ತರುಣ. ಹೆಗಲಿನ ಬ್ಯಾಗನ್ನು ಕಟ್ಟೆಯ ಮೇಲಿಟ್ಟು, ತೋಳೇರಿಸಿ, ಗಾಲಿಗೆ ಭುಜ ಕೊಟ್ಟ. ಗಾಡಿ ಎದ್ದಿತು. ಫ್ರಿಜ್ ವಾಲಿತು. ಹಿಡಿಯಲು ಹೋದ ಎಲೀನಾಳ ಕೈಯ ಮೇಲೆ ಅವನ ಕೈ ಬಿತ್ತು.

ಇಬ್ಬರೂ ಕೈ ತೆಗೆಯುವ ಹಾಗಿರಲಿಲ್ಲ. ತೆಗೆದರೆ ಫ್ರಿಜ್ ನೆಲಕ್ಕೆ.

"ಕೆಟ್ಟದೇನ್ರಿ?" ಅವನು ಕೇಳಿದ.

"ಹೂಂ. ರಿಪೇರಿಗೆ ಒಯ್ಲಾಕತ್ತೀವಿ."

"ಚರ್ಚಿನ್ಯಾಗ ರಿಪೇರಿ ಮಾಡ್ತಾರೇನ್ರಿ?"

"ಪ್ರಾರ್ಥನಾ ಮಾಡಿದ್ರ ಎಲ್ಲಾ ರಿಪೇರಿ ಆಗ್ತದ."

ಅವನು ನಕ್ಕ. ಎಲೀನಾ ನಗಲಿಲ್ಲ. ಚರ್ಚಿನ ಹಿಂದಿನ ಕೋಣೆಯ ಬಾಗಿಲು ತೆಗೆದಾಗ ಅವನ ನಗೆಯೂ ನಿಂತಿತು. ಒಳಗೆ ನದೀಮನ ಟೀವಿ, ಬಸವಕಿರಣನ ವಾಷಿಂಗ್ ಮಷಿನ್, ಶಾಲುಬಾಯಿಯ ಕೂಲರು. ಊರಿನ ಸಕಲ ಜಾತಿಯ ಸಾಮಾನು ಅಂದು ಒಂದೇ ಸೂರಿನ ಕೆಳಗೆ ಕೂಡಿತ್ತು.

"ಭಾಳ ಮಂದಿ ಪ್ರಾರ್ಥನಾಕ್ಕ ಬಂದಾರ," ಎಂದ ಅವನು, ಮೆಲ್ಲಗೆ.

ಮರುದಿನ ಮುಂಜಾನೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಅವನೇ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್.

"ನಮಸ್ಕಾರರಿ. ನನ್ನ ಹೆಸರು ಜೋಯಲ. ಸರ್ವೆಕ್ಕ ಬಂದೇನಿ."

ಎಲೀನಾ ಬಾಗಿಲನ್ನು ಅರ್ಧಕ್ಕೇ ಹಿಡಿದಳು.

*ನಿನ್ನೆ ಕೈ ಕೊಟ್ಟಿದ್ದು ಅದಕ್ಕೇ ಏನು? ಯಾರ ಮನೆಯಿಂದ ಏನು ಹೊರಟಿತು ಎಂದು ನೋಡಲು?*

ಒಳಗಿನಿಂದ ಎಸ್ತರಮ್ಮ, "ಯಾರರ ಇರ್ಲಿ, ಒಳಗ ಕರಿ. ಕುಂದ್ರಪ್ಪಾ," ಎಂದಳು.

ಅವನು ಚಾಪೆಯ ಮೇಲೆ ಕುಳಿತ. ದೂರದ ವಿಶ್ವವಿದ್ಯಾಲಯದವರ ಕೆಲಸವಿದು, ಸರ್ಕಾರದ್ದಲ್ಲ ಎಂದ. "ಹೊರದೇಶದ ತೊಗರಿ ಹಡಗಿನ್ಯಾಗ ಬಂದು ಬೀದರಿನ ಗಾಂಧಿ ಗಂಜ್ ಬಜಾರಕ್ಕ ಇಳಿದ್ರ ಇಲ್ಲಿ ಯಾರ ಬದುಕು ಹ್ಯಾಂಗ ಬದಲಾಗ್ತದ, ಸರ್ಕಾರದ ಆಸರಾ ಯಾರಿಗಿ ಮುಟ್ತದ, ಯಾರಿಗಿಲ್ಲ… ಅದನ್ನ ತಿಳ್ಕೊಳ್ಳೋದು."

ಎಲೀನಾ ಔರಾದಿನ ಬೇಳೆ ಮಿಲ್ಲಿನಲ್ಲಿ ತೊಗರಿ ಹಸನು ಮಾಡುವವಳು. ಹೊರಗಿನ ಕಾಳು ಹಸನಾಗಿಯೇ ಬರತೊಡಗಿದ ಮೇಲೆ ಮಿಲ್ಲಿನವರು ವಾರದಲ್ಲಿ ಮೂರು ದಿನವೂ ಕೆಲಸಕ್ಕೆ ಕರೆಯುತ್ತಿರಲಿಲ್ಲ.

"ತಿಳ್ಕೊಂಡು ಏನ ಮಾಡ್ತೀರಿ?"

"ಪುಸ್ತಕ ಬರೀತಾರರಿ."

"ಪುಸ್ತಕ ಓದಿದವರು ನಮಗ ಕೆಲಸಕ್ಕ ಕರೀತಾರೇನು?"

ಜೋಯಲ ಟ್ಯಾಬಿನ ಮುಂದಿನ ಪುಟ ತೆಗೆದ. ಪ್ರಶ್ನೆಗಳು ಸಾಗಿದವು. ಹೊಲ ಅದ ಏನ್ರಿ? ಇಲ್ಲ. ಗಾಡಿ? ಇಲ್ಲ. ಅವನ ಕಣ್ಣು ಗೋಡೆಯ ಮೂಲೆಗೆ ಹೋಯಿತು. ನೆಲದ ಮೇಲೆ ಫ್ರಿಜ್ಜಿನ ಕಾಲುಗಳ ತುಕ್ಕಿನ ಗುರುತು. ಪಕ್ಕದಲ್ಲಿ ಒದ್ದೆ ಬಟ್ಟೆ ಸುತ್ತಿದ ಗಡಿಗೆ. ಅದರೊಳಗೆ ಎಸ್ತರಮ್ಮನ ಇನ್ಸುಲಿನ್ ಸೀಸೆ. ಬೀದರಿನ ದವಾಖಾನೆಯ ಜೂಲಿ ಸಿಸ್ಟರ್ ನೌಕರಿಯಿಂದ ನಿವೃತ್ತರಾದಾಗ, ಔಷಧ ಕೆಡದಿರಲಿ ಎಂದೇ ತಮ್ಮ ಹಳೆಯ ಫ್ರಿಜ್ ಕೊಟ್ಟಿದ್ದರು. ಆದರೆ ಅದನ್ನು ಇವನಿಗೆ ಹೇಳಿದರೆ ನಂಬುವನೇ?

"ಮನಿಯಾಗ ಫ್ರಿಜ್ ಅದ ಏನ್ರಿ?"

ಎಲೀನಾ ಒಲೆಯ ಮೇಲಿನ ಅನ್ನದ ಮುಚ್ಚಳ ಸರಿಸಿದಳು.

ಆಮೇಲೆ ಅವನ ಕಣ್ಣಲ್ಲಿ ಕಣ್ಣಿಟ್ಟು, "ಇಲ್ಲರಿ," ಎಂದಳು.

ಅವನ ಬೆರಳು ಟ್ಯಾಬಿನ ಮೇಲೆ ಹಾಗೇ ನಿಂತಿತು. ಆಮೇಲೆ ಏನೋ ಒತ್ತಿದ. ಏನು ಒತ್ತಿದನೆಂದು ಅವಳಿಗೆ ಕಾಣಲಿಲ್ಲ.

ಸರ್ವೆ ಮುಗಿದು ಎಂಟು ದಿನದ ಮೇಲೆ ಜೋಯಲ ಮತ್ತೆ ಬಂದ. ಈ ಸಲ ಟ್ಯಾಬ್ ಇರಲಿಲ್ಲ. ಒಂದರೊಳಗೊಂದು ಕೂಡುವ ಎರಡು ಗಡಿಗೆ ತಂದಿದ್ದ.

"ನಡುವ ಉಸುಕ ತುಂಬಿ ನೀರ ಹಾಕ್ರಿ. ಅವ್ವಾರ ಔಷಧ ತಣ್ಣಗಿರ್ತದ."

*ಗಡಿಗೆಯೊಳಗೆ ಔಷಧ ಇರುವುದೂ ಇವನಿಗೆ ಗೊತ್ತಾಗಿದೆ… ಎಲ್ಲವನ್ನೂ ನೋಡಿದ್ದಾನೆ. ಮತ್ತೆ ಯಾಕೆ ಬಂದ? ಏನು ಬೇಕು ಇವನಿಗೆ?*

ಅವಳ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ನರ್ಸಿಂಗ್ ಕಲಿತ ಹೊಸದರಲ್ಲಿ, ಪರದೇಶದ ನೌಕರಿ ಕೊಡಿಸುತ್ತೇನೆಂದು ಒಬ್ಬ ಹೀಗೇ ಸಿಹಿಯಾಗಿ ಮಾತಾಡುತ್ತ ಬಂದು, ಅವಳ ಸರ್ಟಿಫಿಕೇಟುಗಳನ್ನು ಒಯ್ದವನು ತಿರುಗಿ ಬರಲೇ ಇಲ್ಲ; ಅವಳು ಮಿಲ್ಲಿಗೆ ಸೇರಿದ್ದು ಆಮೇಲೆ. ಹಾವು ಕಡಿದವರಿಗೆ ಹಗ್ಗ ಕಂಡರೂ ಅಂಜಿಕೆ.

ಆದರೂ ಅವನು ಐತವಾರಕ್ಕೊಮ್ಮೆ ಬರತೊಡಗಿದ ಮೇಲೆ ಅವಳ ಕಿವಿ ಬಸ್ಸಿನ ಹಾರ್ನಿಗೆ ಕಾಯತೊಡಗಿತು. ಅವನು ಆರಾಧನೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತು ಹಾಡುತ್ತಿದ್ದ. ಸ್ವರ ತಪ್ಪುತ್ತಿತ್ತು, ದನಿ ಕೆಟ್ಟದ್ದಲ್ಲ. ಆಮೇಲೆ ಎಸ್ತರಮ್ಮನ ಕಾಲ ಬಳಿ ಕೂತು ಅವಳ ಹಳೆಯ ಕಥೆಗಳನ್ನು ಕೇಳುತ್ತಿದ್ದ.

"ಹುಡುಗ ಛಲೋ ಇದ್ದಾನ," ಎಂದಳು ತಾಯಿ.

"ಛಲೋ ಇದ್ದವರೇ ಮೋಸ ಮಾಡೋದವ್ವ. ಕೆಟ್ಟವರಿಗಿ ಬಾಗಿಲನ ತೆಗಿಯಂಗಿಲ್ಲಲ್ಲ ನಾವು."

ತಿಂಗಳು ತುಂಬಿತು. ರೇಷನ್ ಅಂಗಡಿಯ ಸುಶೀಲಕುಮಾರ ಮಿಷನ್ನು ನೋಡಿ ತಲೆ ಅಲ್ಲಾಡಿಸಿದ.

"ತಂಗಿ, ನಿಮ್ಮ ಕಾರ್ಡ್ ಬಂದ್ ಅಂತ ತೋರಸ್ಲಾಕತ್ತದ."

ಎಲೀನಾ ಅಕ್ಕಿಯ ಚೀಲ ಹಿಡಿದು ಅಲ್ಲೇ ನಿಂತಳು. ಹಿಂದಿದ್ದ ಶಾಲುಬಾಯಿ ಸುಮ್ಮನಿರದೆ, "ಮತ್ತ ಸರ್ವೆದವನಿಗಿ ದಿನಾ ಚಹಾ ಕುಡಸ್ರಿ," ಎಂದಳು.

ಆ ಮಾತು ಮುಳ್ಳಿನ ಹಾಗೆ ನಾಟಿತು. ಮುಂದಿನ ಐತವಾರ ಜೋಯಲ ಬರುವ ಹೊತ್ತಿಗೆ ಆ ಎರಡೂ ಗಡಿಗೆ ಬಾಗಿಲ ಹೊರಗಿದ್ದವು.

"ಯಾಕರಿ, ಒಡದಾವೇನು?"

"ನಿಮ್ಮ ಸಾಮಾನು ತಗೊಂಡ ಹೋಗ್ರಿ. ನಮ್ಮ ಕಾರ್ಡ್ ಬಂದ್ ಆಗ್ಯದ. ನಮ್ಮ ಅವ್ವನ ಕಾಲು… ಅದೂ ಬರದೀರೇನು ನಿಮ್ಮ ಪುಸ್ತಕದಾಗ?"

ಅವನ ಮುಖ ಬಿಳಿಚಿತು. "ನಾ ಯಾರಿಗೂ ಹೇಳಿಲ್ಲರಿ."

"ಹಂಗಾದ್ರ ಆವತ್ತ ಫ್ರಿಜ್ ಕೇಳಿ ಏನ ಒತ್ತಿದ್ರಿ?"

ಜೋಯಲ ತಲೆ ತಗ್ಗಿಸಿದ.

"ಹೇಳ್ರಿ."

"ಅದು… ಹೇಳ್ಲಾಕ ಬರಂಗಿಲ್ಲರಿ."

ಅಷ್ಟು ಸಾಕಾಯಿತು ಅವಳಿಗೆ. ಬಾಗಿಲು ಹಾಕಿಕೊಂಡಳು. ಹೊರಗೆ ಬಹಳ ಹೊತ್ತು ಹೆಜ್ಜೆಯ ಸಪ್ಪಳವಿರಲಿಲ್ಲ. ಆಮೇಲೆ ಇತ್ತು. ಗಡಿಗೆಗಳನ್ನು ಮಾತ್ರ ಅವನು ಒಯ್ದಿರಲಿಲ್ಲ.

ಆಪರೇಷನ್ ದಿನ ಹತ್ತಿರ ಬಂತು. ಎಲೀನಾ ಔರಾದಿನ ರೇಷನ್ ಕಾರ್ಡಿನ ಕಚೇರಿಗೆ ಹೋದಳು. ಮೇಜಿನ ಹಿಂದೆ ಪ್ರಮಿಲಾ ಎಂಬ ನಡುವಯಸ್ಸಿನ ಗುಮಾಸ್ತೆ.

"ತಪ್ಪಾಗ್ಯದರಿ ಬಾಯಾರ," ಎಂದಳು ಎಲೀನಾ. "ಫ್ರಿಜ್ ಅದ. ಸುಳ್ಳ ಹೇಳೇನಿ. ಬೇಕಾದ್ರ ಫ್ರಿಜ್ ಮಾರ್ತೇನಿ, ಕಾರ್ಡ್ ಚಾಲೂ ಮಾಡ್ರಿ."

ಪ್ರಮಿಲಾ ಕನ್ನಡಕ ಸರಿಸಿದಳು. "ಫ್ರಿಜ್ ಯಾರ ಕೇಳ್ಯಾರವ್ವಾ ಇಲ್ಲಿ? ನಿಮ್ಮವ್ವನ ಹೆಬ್ಬೆಟ್ಟು ಮಿಷನ್ನಿಗಿ ಕೂಡಿಲ್ಲ. ಅದಕ್ಕ ಬಂದ್ ಆಗ್ಯದ."

ಎಲೀನಾಳಿಗೆ ಆಗ ನೆನಪಾಯಿತು. ಬೇಸಿಗೆಯಲ್ಲಿ ಸುಶೀಲಕುಮಾರ ತಾಯಿಯ ಹೆಬ್ಬೆರಳನ್ನು ಒತ್ತಿಸಿ ಒತ್ತಿಸಿ ಸುಸ್ತಾಗಿ, "ಮುಂದಿನ ಸಲ ನೋಡೂಣು," ಎಂದಿದ್ದ. ಆಮೇಲೆ ಅವನೂ ಮರೆತ, ಇವರೂ ಮರೆತರು. ಹುಡುಗಿಯಾಗಿದ್ದಾಗಿನಿಂದ ಕಾಳು ಹಸನು ಮಾಡಿ ಮಾಡಿ ಎಸ್ತರಮ್ಮನ ಬೆರಳಿನ ಗೆರೆಗಳು ಸವೆದುಹೋಗಿದ್ದವು. ದುಡಿದ ಬೆರಳು ಮಿಷನ್ನಿಗೆ ಗುರುತು ಸಿಗಲಿಲ್ಲ.

"ಅವ್ವಗ ಕರ್ಕೊಂಡ ಬಾ. ಬೆರಳು ಸವದ್ರೇನು, ಕಣ್ಣು ಅದಾವಲ್ಲ. ಕಣ್ಣು ತೋರಿಸಿದ್ರ ನಡೀತದ."

ನದೀಮನ ಆಟೋದಲ್ಲಿ ಎಸ್ತರಮ್ಮ ಹೋಗಿ ಕಣ್ಣು ತೋರಿಸಿ ಬಂದಳು. ಕಾರ್ಡು ಚಾಲೂ ಆಯಿತು. ಆಪರೇಷನ್ ಗಟ್ಟಿಯಾಯಿತು.

ಮನೆಯಲ್ಲಿ ಎಸ್ತರಮ್ಮ, ಯೋಹಾನ ಮಾಮಾ ನಕ್ಕರು. ಎಲೀನಾಳಿಗೆ ಮಾತ್ರ ಅನ್ನ ಇಳಿಯಲಿಲ್ಲ.

*ಅವನು ಹೇಳಿರಲಿಲ್ಲ. ಖರೇನೇ ಹೇಳಿರಲಿಲ್ಲ… ಹಾಗಾದರೆ ಆ ದಿನ ಏನು ಒತ್ತಿದ? ಅದನ್ನು ಯಾಕೆ ಮುಚ್ಚಿಟ್ಟ?*

ಅನುಮಾನ ಇನ್ನೂ ಸಾಯಲಿಲ್ಲ. ದಿಕ್ಕು ಬದಲಿಸಿತು, ಅಷ್ಟೇ.

ಎರಡು ದಿನ ಬಿಟ್ಟು ಓಣಿಯಲ್ಲಿ ಭಾಲ್ಕಿಯ ಹುಡುಗಿಯೊಬ್ಬಳು ಟ್ಯಾಬ್ ಹಿಡಿದು ಬಂದಳು. ಸಾನಿಕಾ ಎಂದು ಹೆಸರು, ಅದೇ ಸರ್ವೆಯವಳು. ಉಳಿದ ಪ್ರಶ್ನೆ ಕೇಳಲು ಬಸವಕಿರಣನ ಮನೆಗೆ ಹೋದಳು, ಎಲೀನಾಳ ಮನೆ ದಾಟಿ ಶಾಲುಬಾಯಿಯ ಮನೆಗೆ ಹೋದಳು.

ಎಲೀನಾ ಹೊಸ್ತಿಲಲ್ಲಿ ನಿಂತು ಕರೆದಳು. "ನಮ್ಮ ಮನಿ ಯಾಕ ಬಿಟ್ರಿ?"

"ನಿಮ್ಮ ಮನಿ ನಮ್ಮ ಅಧ್ಯಯನದಾಗ ಇಲ್ಲಕ್ಕಾ. ಮೊದಲನೇ ದಿನನೇ ಜೋಯಲ ಟ್ಯಾಬಿನ್ಯಾಗ ಒತ್ತಿ ತೆಗದಾರ."

"ಯಾಕ?"

ಸಾನಿಕಾ ಅವಳ ಮುಖ ನೋಡಿ ನಿಧಾನಕ್ಕೆ ಹೇಳಿದಳು. "ದೊಡ್ಡ ಸರ್‌ನೂ ಇದನ್ನೇ ಕೇಳಿದ್ರು. ಅದಕ್ಕ ಜೋಯಲ ಅಂದ್ರು, 'ಆ ಮನಿಯಾಗ ಒಂದು ಉತ್ತರ ಸುಳ್ಳದ. ಸುಳ್ಳ ಬರದ್ರ ಕೆಲಸಕ್ಕ ಮೋಸ, ಖರೇ ಬರೀಲಾಕ ಕೈ ಏಳವಲ್ದು. ನನ್ನ ಮನಸ್ಸು ಎಲ್ಲಿ ಅದನೋ ಅಲ್ಲಿ ನಾ ನೆಟ್ಟಗ ಲೆಕ್ಕ ಹಿಡಿಯಂಗಿಲ್ಲರಿ' ಅಂತ. ಸರ್ ಸಿಟ್ಟಾದ್ರು. ಅವರಿಗಿ ಈ ತಾಲೂಕಿಂದನೇ ತೆಗದು ಭಾಲ್ಕಿ ಕಡಿ ಹಾಕಿದ್ರು."

ಎಲೀನಾ ಬಾಗಿಲ ಚೌಕಟ್ಟು ಹಿಡಿದಳು. "ಹಂಗಾದ್ರ… ಐತವಾರ ಐತವಾರ ಯಾಕ ಬರ್ತಿದ್ರು?"

"ಅದು ನಮ್ಮ ಪ್ರಶ್ನಿಗಳದಾಗ ಇಲ್ಲಕ್ಕಾ," ಎಂದು ಸಾನಿಕಾ ನಕ್ಕಳು.

ಎಲೀನಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವರಿಗಿ ಒಂದು ಮಾತ ಹೇಳ್ತೀರೇನು? ಎಕಂಬಾದಾಗ ಒಬ್ಬಾಕಿ ಒಂದು ಉತ್ತರ ತಿದ್ದಬೇಕಂತ ಕುಂತಾಳ ಅಂತ."

ಶನಿವಾರ ಹಾಡಹಗಲು, ನಡು ಓಣಿಯಲ್ಲಿ, ಫ್ರಿಜ್ ಚರ್ಚಿನಿಂದ ಮನೆಗೆ ಹೊರಟಿತು. ಈ ಸಲ ಕೌದಿ ಇರಲಿಲ್ಲ. ಅದನ್ನು ನೋಡಿ ನದೀಮ ತನ್ನ ಟೀವಿ ಹೊತ್ತ, ಶಾಲುಬಾಯಿ ಕೂಲರಿನ ಹಿಂದೆ ನಡೆದಳು. "ಪ್ರಾರ್ಥನಾ ಮುಗೀತೇನಪ್ಪಾ?" ಎಂದು ಕಟ್ಟೆಯ ಮೇಲಿನವರು ಕೇಳಿದರೆ, ಯೋಹಾನ ಮಾಮಾ ಗಂಭೀರವಾಗಿ, "ಆಮೆನ್," ಎಂದ.

ಸಂಜೆಯ ಬಸ್ಸಿಗೆ ಜೋಯಲ ಬಂದ. ಬಾಗಿಲಲ್ಲೇ ನಿಂತ. ಎಲೀನಾ ಗಡಿಗೆಯಿಂದ ನೀರು ಬಗ್ಗಿಸಿ ಕೊಟ್ಟಳು. ಅವನು ತಂದ ಗಡಿಗೆ.

"ಆವತ್ತ ಯಾಕ ಹೇಳ್ಲಿಲ್ಲರಿ?" ಅವಳು ಕೇಳಿದಳು.

"ಹೇಳಿದ್ರ ನಿಮ್ಮ ಮ್ಯಾಲ ಉಪಕಾರ ಹೊರಿಸಿದಂಗ ಆಗ್ತಿತ್ತು. ಆ ಋಣಕ್ಕ ಅಂಜಿ ನೀವು ನನಗ ಹೂಂ ಅಂದ್ರ ಅದು ಬ್ಯಾಡಾಗಿತ್ತು."

ಅವಳು ಎದುರಿಗೆ ಕೂತಳು. "ಕೇಳ್ರಿ ಮತ್ತ."

"ಏನ?"

"ಆವತ್ತ ಕೇಳಿದ್ದು."

ಜೋಯಲ ಲೋಟ ಕೆಳಗಿಟ್ಟ. "ಮನಿಯಾಗ ಫ್ರಿಜ್ ಅದ ಏನ್ರಿ?"

ಎಲೀನಾ ಅವನ ಕಣ್ಣಲ್ಲಿ ಕಣ್ಣಿಟ್ಟಳು. ಈ ಸಲ ಅವಳಿಗೆ ಹೆದರಿಕೆ ಇರಲಿಲ್ಲ.

"ಅದರಿ."

ಮೂಲೆಯಲ್ಲಿ ಹಳೆಯ ಫ್ರಿಜ್ ಗುರ್ರೆಂದಿತು. ಒಳಗಿನಿಂದ ಎಸ್ತರಮ್ಮ ಸುಮ್ಮಸುಮ್ಮನೆ ಕೆಮ್ಮಿದಳು.

"ಇನ್ನೊಂದು ಕೇಳ್ಲೇನ್ರಿ? ಇದು ನನ್ನದು. ಯಾವ ಸರ್ ಬರದು ಕೊಟ್ಟಿದ್ದಲ್ಲ." ಅವನು ಮಾತು ಹುಡುಕಿದ. "ನನ್ನ ಮ್ಯಾಲ ಇನ್ನೂ ಅನುಮಾನ ಅದ ಏನು?"

"ಅದರಿ. ಸ್ವಲ್ಪ."

"ಏನಂತ?"

"ಹಾರ್ನ್ ಬಡಿದ ಕೂಡ್ಲೇ ಎದ್ದು ಭಾಲ್ಕಿಗೆ ಹೋಗ್ತೀರೇನೋ ಅಂತ."

ಹೊರಗೆ ಬಸ್ಸಿನ ಹಾರ್ನು ಕೇಳಿಸಿತು. ಒಮ್ಮೆ. ಮತ್ತೊಮ್ಮೆ. ಜೋಯಲ ಏಳಲಿಲ್ಲ.

"ಬಸ್ ಹೋಯ್ತು," ಎಂದಳು ಅವಳು.

"ಹೋಗ್ಲಿರಿ. ಇವತ್ತ ಯೋಹಾನ ಮಾಮಾನ ಮನಿಯಾಗ ಇರ್ತೇನಿ. ನಾಳಿ ಬೀದರಿಂದ ನಮ್ಮ ಅಪ್ಪ-ಅವ್ವ ಆರಾಧನಾಕ್ಕ ಇಲ್ಲಿಗೇ ಬರ್ತಾರ… ಆಮ್ಯಾಲ ನಿಮ್ಮ ಅವ್ವಾರ ಜೋಡಿ ಮಾತಾಡ್ಲಾಕ." ಅವನು ಕಿಸೆಯಿಂದ ಫೋನು ತೆಗೆದ. "ನಾ ತಪ್ಪು ತಿಳ್ಕೊಂಡಿದ್ರ ಈಗಲೇ ಬ್ಯಾಡ ಅಂತ ಹೇಳಿಬಿಡ್ತೇನಿ."

ಎಲೀನಾ ಕೈ ಚಾಚಿ ಫೋನನ್ನು ಮುಚ್ಚಿ ಹಿಡಿದಳು. ಫೋನಿನ ಜೊತೆಗೆ ಅವನ ಕೈಯೂ ಅವಳ ಕೈಯೊಳಗೆ ಬಂತು. ಈಗ ತೆಗೆದರೆ ಬೀಳುವಂಥದ್ದು ಏನೂ ಇರಲಿಲ್ಲ. ಆದರೂ ಇಬ್ಬರೂ ತೆಗೆಯಲಿಲ್ಲ.

"ಫೋನ್ ಕಿಸೇದಾಗ ಇಡ್ರಿ," ಎಂದಳು. "ನಾಳಿ ಅವರಿಗಿ ಫ್ರಿಜ್ಜಿನ ತಣ್ಣೀರು ಕೊಡಬೇಕು ನಾ."